ಎರಡೂವರೆ ಗಂಟೆಯ ಅಜ್ಜಿ

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಯಾರ ಉಪಯೋಗಕ್ಕೂ ಬಾರದವಳು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೊಂದು ಲೋಟ ಮಜ್ಜಿಗೆ ಹೊಟ್ಟೆ ಸೇರಿದ ಮೇಲೆ ಧಾರವಾಡದಲ್ಲಿ ಮನುಷ್ಯರಷ್ಟೇ ಅಲ್ಲ, ಅಂಗಡಿಯ ಬಾಗಿಲುಗಳೂ ಅರ್ಧ ಕಣ್ಣು ಮುಚ್ಚುತ್ತವೆ. ಆ ಹೊತ್ತಿನಲ್ಲಿ ಯಾರಾದರೂ ಕದ ಬಡಿದರೆ ಒಂದೋ ಟೆಲಿಗ್ರಾಮ್ ಬಂದಿರಬೇಕು, ಇಲ್ಲವೇ ಬಡಿದವರು ಬೇರೆ ಊರಿನವರಾಗಿರಬೇಕು.

ಸುಮಿತ್ರಾ ಬೇರೆ ಊರಿನವರು. ಗಂಡನಿಗೆ ವರ್ಗವಾಗಿ ಮೈಸೂರಿನಿಂದ ಬಂದ ಉತ್ಸಾಹದ ಹೆಣ್ಣುಮಗಳು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬಡಾವಣೆಯ ಮಹಿಳಾ ಮಂಡಳದ ಸಭಾಂಗಣದಲ್ಲಿ ಅವರು ಪ್ರತಿ ಶನಿವಾರ ಮುದುಕರನ್ನೂ ಮಕ್ಕಳನ್ನೂ ಕೂಡಿಸುವ ಕಾರ್ಯಕ್ರಮವೊಂದನ್ನು ಶುರುಮಾಡಿದರು. ಒಬ್ಬ ಹಿರಿಯರಿಗೆ ಒಂದು ಮಗು. ನಮಗೆ ಕಂಪನಿ, ಮಕ್ಕಳಿಗೆ ಕಥೆ. ಐಡಿಯಾ ಬ್ಯೂಟಿಫುಲ್. ಟೈಮಿಂಗ್ ಮಾತ್ರ ಎರಡೂವರೆ. ಶನಿವಾರ ಬೆಳಗಿನ ಶಾಲೆ ಮುಗಿಸಿದ ಮಕ್ಕಳಿಗೆ ಆಗ ಪುರುಸೊತ್ತು ಎಂಬುದು ಅವರ ಲೆಕ್ಕಾಚಾರ. ಆ ಹೊತ್ತು ಬೇಡ ಎನ್ನಲು ನಮಗೆಲ್ಲ ಸಂಕೋಚ. ಮೈಸೂರಿನವರ ಮುಂದೆ, ಆಗ ನಮ್ಮ ಇಡೀ ಊರು ಮಲಗಿರುತ್ತದೆ ಎಂದು ಹೇಳುವುದು ಹೇಗೆ?

ನನ್ನ ಹೆಸರು ಬರೆಸಿದವಳು ಸೊಸೆ. "ಹೋಗಿ ಬರ್ರಿ ಅತ್ತಿ, ನಿಮಗೂ ಒಂದ್ ಚೇಂಜ್ ಆಗ್ತೈತಿ" ಎಂದಳು. ನನಗೆ ಬೇಕಾಗಿದ್ದದ್ದು ಚೇಂಜ್ ಅಲ್ಲ, ದಿಂಬು.

ಇನ್ನೊಂದು ಸಂಕಟವಿತ್ತು. ನನಗೆ ಕಥೆಗಳೇ ಬರುವುದಿಲ್ಲ. ಅಜ್ಜಿಯ ತೊಡೆಯ ಮೇಲೆ ಮಲಗಿ ಕಥೆ ಕೇಳಬೇಕಾದ ವಯಸ್ಸಿನಲ್ಲಿ ನಾನು ಕಾನ್ವೆಂಟ್ ಬೋರ್ಡಿಂಗಿನಲ್ಲಿ ಸಾಲು ಮಂಚಗಳ ನಡುವೆ ಪ್ರೇಯರ್ ಹೇಳುತ್ತಿದ್ದೆ. ಏಳು ವರ್ಷದವಳನ್ನು ಅಲ್ಲಿ ಬಿಟ್ಟು ಅಪ್ಪ ಹಿಂದೆ ನೋಡದೆ ನಡೆದಿದ್ದರು. ಅಲ್ಲಿ ನಾನು ಕಲಿತ ವಿದ್ಯೆಗಳಲ್ಲಿ ಇಂದಿಗೂ ಕೈಬಿಡದಿರುವುದು ಎರಡು: ಫೋರ್ಕಿನಿಂದ ಬಟಾಣಿ ತಿನ್ನುವುದು, ಮತ್ತು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಬೆನ್ನು ನೆಟ್ಟಗಿಟ್ಟುಕೊಂಡೇ ನಿದ್ದೆ ಮಾಡುವುದು.

ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದವಳು ನಾಲ್ಕನೇ ಇಯತ್ತೆಯ ಶಿವಲೀಲಾ. ಹಿಟ್ಟಿನ ಗಿರಣಿಯವರ ಮಗಳು; ಜಡೆಯ ತುದಿಯಲ್ಲಿ ಯಾವಾಗಲೂ ಚೂರು ಜೋಳದ ಹಿಟ್ಟು. "ಕಥಿ ಹೇಳ್ರಿ ಅಜ್ಜಿ" ಎಂದು ನೋಟ್‌ಬುಕ್ ತೆರೆದು ಕುಳಿತಳು. ನನಗೆ ಆಗಷ್ಟೇ ಕ್ಯಾಟರಾಕ್ಟ್ ಆಪರೇಷನ್ ಆಗಿ ಕಪ್ಪು ಕನ್ನಡಕ ಬಂದಿತ್ತು. ಒಂದಾನೊಂದು ಊರಿನಲ್ಲಿ ಎಂದು ಶುರುಮಾಡಿದ್ದು ನೆನಪಿದೆ. ಊರು ಯಾವುದೆಂದು ತೀರ್ಮಾನಿಸುವಷ್ಟರಲ್ಲಿ ಯಾರೋ ಮೊಣಕೈ ಮುಟ್ಟಿದರು.

"ಏಳ್ರಿ ಅಜ್ಜಿ, ನಾಕಾತು. ಚಾ ಬಂತು."

"ಅಯ್ಯ, ಎಬ್ಬಿಸಬಾರದೇನ ಹುಡುಗಿ?"

"ಯಾಕ್ರಿ? ನಮ್ಮ ಮನ್ಯಾಗ ಮುಂಜಾನಿಂದ ಗಿರಣಿ ಸಪ್ಪಳ. ಇಲ್ಲೆ ಛಲೋ ಐತಿ."

"ಯಾರಿಗೂ ಹೇಳಬ್ಯಾಡ ಮತ್ತ."

"ಹೇಳಂಗಿಲ್ರಿ. ನಿಮ್ಮ ಸೆರಗು ಜಾರೈತಿ ನೋಡ್ರಿ."

ಹೀಗೆ ನಮ್ಮ ಒಪ್ಪಂದವಾಯಿತು. ಶನಿವಾರದ ಮೇಲೆ ಶನಿವಾರ ನಾನು ಕಪ್ಪು ಕನ್ನಡಕದ ಹಿಂದೆ ಗೌರವಾನ್ವಿತವಾಗಿ ಮಲಗಿದೆ. ಅವಳು ನನ್ನನ್ನು ಕಾಯ್ದಳು. ದೂರದಿಂದ ನೋಡುವ ಸುಮಿತ್ರಾರ ಕಣ್ಣಿಗೆ ನಾವು ಪೋಸ್ಟರಿನ ಚಿತ್ರದಂತೆ ಕಾಣುತ್ತಿದ್ದಿರಬೇಕು.

ಆರು ತಿಂಗಳಾದ ಮೇಲೆ ಸುಮಿತ್ರಾ ಘೋಷಿಸಿದರು: "ಮಂಡಳದ ವಾರ್ಷಿಕೋತ್ಸವದ ದಿನ ಮಕ್ಕಳು ಬರೆದುಕೊಂಡಿರೋ ಕಥೆನ ಸ್ಟೇಜ್ ಮೇಲೆ ಓದ್ಬೇಕು. ಯಾರ ನೋಟ್‌ಬುಕ್ ಖಾಲಿ ಇರತ್ತೋ ಅವ್ರ ಜೋಡಿ ಬದಲಾಯಿಸ್ತೀವಿ."

ನಾನು ಒಂದು ಕಥೆಯನ್ನೂ ಹೇಳಿರಲಿಲ್ಲ; ನಮ್ಮ ನೋಟ್‌ಬುಕ್ ಖಾಲಿಯೇ ಇರಬೇಕು. ಪಕ್ಕದ ಚಾಪೆಯಲ್ಲಿ ನಿವೃತ್ತ ಗಣಿತ ಮಾಸ್ತರರೊಬ್ಬರು ಕೂರುತ್ತಿದ್ದರು. ಕಥೆಯ ಬದಲು ಮಗ್ಗಿ ಕೇಳಿ ಇಬ್ಬರು ಮಕ್ಕಳನ್ನು ಆಗಲೇ ಓಡಿಸಿದ್ದರು. ಅವರ ಎದುರಿನ ಮಗುವಿನ ಜಾಗ ಖಾಲಿಯಿತ್ತು. ಶಿವಲೀಲಾ ಅಲ್ಲಿಗೆ ಹೋಗುವುದು ಖಂಡಿತ. ಹಾಗಾದರೆ ನಾನು ಮನೆಯಲ್ಲಿ ಹಾಯಾಗಿ ಮಲಗಬಹುದಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಆ ವಾರವೆಲ್ಲ ಮನೆಯ ದಿಂಬಿನ ಮೇಲೆ ನಿದ್ದೆ ಬರಲಿಲ್ಲ. ನಾಲ್ಕಕ್ಕೆ ಮೊಣಕೈ ಮುಟ್ಟುವವರಿಲ್ಲದ ನಿದ್ದೆ ಎಂಥದ್ದು?

"ಬಾ, ಲಗೂ ಒಂದ್ ಕಥಿ ಬರಸ್ತೇನಿ" ಎಂದು ಮರುವಾರ ಶಿವಲೀಲಾಳನ್ನು ಕರೆದರೆ, "ಬ್ಯಾಡ್ರಿ ಅಜ್ಜಿ, ನನ್ನ ಪುಸ್ತಕ ತುಂಬೇತಿ" ಎಂದು ನೋಟ್‌ಬುಕ್ಕನ್ನು ಲಂಗದ ಕೆಳಗೆ ಸೇರಿಸಿದಳು.

ವಾರ್ಷಿಕೋತ್ಸವದ ದಿನ ಮೈಕಿನ ಮುಂದೆ ನಿಂತು ಓದಿದಳು: "ಒಂದು ದೊಡ್ಡ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅಲ್ಲಿ ದೇವದೂತನ ಗೊಂಬೆ ಇತ್ತು. ಒಂದು ದಿನ ಅದರ ರೆಕ್ಕೆ ಮುರಿಯಿತು. ಹುಡುಗಿ 'ನಾನಲ್ಲ ಸಿಸ್ಟರ್, ರೋಸಿ' ಎಂದಳು. ರೋಸಿಗೆ ಊಟ ಕೊಡಲಿಲ್ಲ. ಹುಡುಗಿ ತನ್ನ ಬ್ರೆಡ್ಡನ್ನು ದಿಂಬಿನ ಕೆಳಗೆ ಬಚ್ಚಿಟ್ಟಳು. ರೋಸಿಗೆ ಕೊಟ್ಟಳೋ ಇಲ್ಲವೋ ಅಜ್ಜಿ ಇನ್ನೂ ಹೇಳಿಲ್ಲ."

ಜನ ಚಪ್ಪಾಳೆ ತಟ್ಟಿದರು. ಆ ರೆಕ್ಕೆ ಮುರಿದವಳು ನಾನು. ಅರವತ್ತು ವರ್ಷ ಯಾರಿಗೂ, ಗಂಡನಿಗೂ ಹೇಳಿರಲಿಲ್ಲ. ಸುಮಿತ್ರಾ ನನ್ನನ್ನು ವೇದಿಕೆಗೆ ಕರೆದು, ಅತ್ಯುತ್ತಮ ಕಥೆಗಾರ್ತಿ ಎಂದು ಸ್ಟೀಲ್ ಡಬ್ಬಿ ಕೊಟ್ಟರು. ಕಾನ್ವೆಂಟಿನಲ್ಲಿ ಕಲಿಸಿದಂತೆ ಥ್ಯಾಂಕ್ ಯೂ ಎಂದು ಮುಗುಳ್ನಕ್ಕೆ.

ಮುಂದಿನ ಶನಿವಾರ ಕೇಳಿದೆ. "ಇದೆಲ್ಲಾ ನಿನಗ ಯಾರು ಹೇಳಿದ್ರು?"

"ನೀವ ರೀ. ನಿದ್ದ್ಯಾಗ ಇಂಗ್ಲಿಷ್ ಮಾತಾಡ್ತೀರಲ್ಲ! ಕೇಳಿದಂಗ ಕನ್ನಡ ಅಕ್ಷರದಾಗ ಬರಕೊಂಡು, ಅರ್ಥ ನಮ್ಮ ಟೀಚರ್ನ ಕೇಳ್ತಿದ್ನಿ." ಆಮೇಲೆ ನನ್ನ ಹತ್ತಿರ ಸರಿದು ಪಿಸುಗುಟ್ಟಿದಳು, "ಬ್ರೆಡ್ ಕೊಟ್ಳೇನ್ರಿ ಅಜ್ಜಿ?"

ಕೊಟ್ಟೆನೋ, ಹಸಿವು ತಾಳದೆ ನಾನೇ ತಿಂದೆನೋ. ನಿಜವಾಗಿಯೂ ನೆನಪಿಲ್ಲ, ಅಥವಾ ನೆನಪಿಸಿಕೊಳ್ಳುವ ಧೈರ್ಯವಿಲ್ಲ. ಎಚ್ಚರವಾಗಿರುವಾಗ ನಾವು ಎಷ್ಟು ಚೆನ್ನಾಗಿ ಮರೆಯುತ್ತೇವೆ!

"ನನಗ ಗೊತ್ತಿಲ್ಲವ್ವಾ" ಎಂದೆ.

ಶಿವಲೀಲಾ ಪೆನ್ಸಿಲ್ ಚೂಪು ಮಾಡಿ, ಹೊಸ ಹಾಳೆ ತಿರುವಿದಳು. "ಹಂಗಾರ ಲಗೂ ಮಲಗ್ರಿ ಅಜ್ಜಿ. ಗೊತ್ತಾಗ್ತೈತಿ."

ಡಾಕ್ಟರು ಇನ್ನು ಬೇಡವೆಂದಿದ್ದ ಕಪ್ಪು ಕನ್ನಡಕವನ್ನು ಪರ್ಸಿನಿಂದ ತೆಗೆದು ಏರಿಸಿಕೊಂಡೆ. ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ, ಹೇಳಿದ ಮಾತು ಕೇಳುವ ಹುಡುಗಿಯಂತೆ ಕಣ್ಣು ಮುಚ್ಚಿದೆ.