ಗೋಡೆಯಿಲ್ಲದ ಮನೆಯ ಕಸ್ತೂರಿಬಾಯಿ

ಮುಲುಂಡಿನ ಗುಡ್ಡದ ಬದಿಯ ಆ ಮನೆ ಎಂದಾದರೂ ಒಂದು ದಿನ ಪೂರ್ತಿಯಾದೀತೆಂದು ಅಕ್ಕಪಕ್ಕದವರು ಬಹಳ ವರ್ಷ ಕಾದರು. ಗಿಲಾವು ಇಲ್ಲ, ಬಣ್ಣ ಇಲ್ಲ. ಕಾಂಕ್ರೀಟಿನ ಮೈಮೇಲೆ ಸೆಂಟ್ರಿಂಗ್ ಹಲಗೆಯ ಗೆರೆಗಳು ಹಾಗೇ ಉಳಿದಿದ್ದವು. ಎಪ್ಪತ್ತರ ದಶಕದಲ್ಲಿ ಅದನ್ನು ಕಟ್ಟಿಸಿದ ಸೇಠ್‌ಗೆ ಇದ್ದದ್ದು ಬಣ್ಣದ ಕಾರ್ಖಾನೆ. ಬಜಾರಿನವರು ನಗುತ್ತಿದ್ದರು. ವಿದೇಶದಲ್ಲಿ ಓದಿ ಬಂದಿದ್ದ ಆರ್ಕಿಟೆಕ್ಟ್ ಮಾತ್ರ, ಸಿಮೆಂಟು ಸುಳ್ಳು ಹೇಳುವುದಿಲ್ಲ, ಬಣ್ಣ ಹೇಳುತ್ತದೆ ಎಂದು ಸೇಠ್‌ನ ಬಾಯಿ ಮುಚ್ಚಿಸಿದ್ದ. ಗೋಡೆಗಳು ಮನುಷ್ಯರನ್ನು ದೂರ ಮಾಡುತ್ತವೆಂದು ಒಳಗೆ ಗೋಡೆಯನ್ನೇ ಎಬ್ಬಿಸಲಿಲ್ಲ. ಅಡುಗೆಮನೆ, ಮಲಗುವ ಜಾಗ, ದೇವರು ಎಲ್ಲ ಒಂದೇ ಹಾಲ್. ಬಾಗಿಲೆಂಬುದು ಇದ್ದದ್ದು ಬಚ್ಚಲಿಗೆ ಮಾತ್ರ.

ಸಿಂದಗಿ ಕಡೆಯ ಕಸ್ತೂರಿಬಾಯಿ ಅಲ್ಲಿ ಮನೆಗೆಲಸಕ್ಕೆ ಸೇರಿದಾಗ ಸೇಠಾಣಿ ಹಳೆಯ ಸೀರೆಗಳನ್ನು ಹಗ್ಗಕ್ಕೆ ಇಳಿಬಿಟ್ಟು ಕೋಣೆಗಳನ್ನು ಮಾಡಿಕೊಂಡಿದ್ದಳು. ಮಾವನಿಗೊಂದು, ಬಾಣಂತಿ ನಾದಿನಿಗೊಂದು. ಆರ್ಕಿಟೆಕ್ಟ್ ಫೋಟೋದವರನ್ನು ಕರೆತಂದ ದಿನ ಸೀರೆಗಳನ್ನು ಬಿಚ್ಚುವುದು, ಅವರು ಹೋದಮೇಲೆ ಮತ್ತೆ ಕಟ್ಟುವುದು ಕಸ್ತೂರಿಬಾಯಿಯ ಪಾಲಿನ ಕೆಲಸ. ಮಳೆಗಾಲದಲ್ಲಿ ಚಪ್ಪಟೆ ಮಾಳಿಗೆ ಸೋರುತ್ತಿತ್ತು. ಬೇಸಿಗೆಯಲ್ಲಿ ಪಶ್ಚಿಮದ ಗಾಜು ಇಡೀ ಸಂಸಾರವನ್ನು ಬೇಯಿಸುತ್ತಿತ್ತು. ಸೇಠ್ ತೀರಿಕೊಂಡದ್ದೇ ತಡ, ಮಕ್ಕಳು ಘಾಟ್ಕೋಪರಿನ, ಕೋಣೆಗೊಂದು ಬಾಗಿಲಿರುವ ಫ್ಲ್ಯಾಟಿಗೆ ಓಡಿದರು.

ಹಾಳುಬಿದ್ದ ಮನೆಯನ್ನು ಬಾಡಿಗೆಗೆ ಹಿಡಿದವನು ಸಂದೀಪ. ಅವನ ಅಪ್ಪ ಉಡುಪಿಯಿಂದ ಬಂದು ಭಾಂಡುಪಿನಲ್ಲಿ ಇಡ್ಲಿ ಹೋಟೆಲು ಇಟ್ಟವರು. ಮಗ ತೆರೆದದ್ದು ‘ಸ್ಲ್ಯಾಬ್’ ಎಂಬ ಪಬ್ಬು. ಸೋರುವ ಮೂಲೆಗೆ ತಾವರೆಯ ತೊಟ್ಟಿ ಇಟ್ಟ. ಮುರಿದ ಮೆಟ್ಟಿಲಿನ ಮುಂದೆ ‘ಮುಟ್ಟಬೇಡಿ, ಪರಂಪರೆ’ ಎಂದು ಬರೆಸಿದ. ನೆಲ ಒರೆಸಲು ಬಂದ ಕಸ್ತೂರಿಬಾಯಿ ಇದೇ ಮನೆಯಲ್ಲಿ ಮೊದಲು ದುಡಿದವಳೆಂದು ಗೊತ್ತಾದಾಗ ಅವಳನ್ನೂ ಅದೇ ಪರಂಪರೆಗೆ ಸೇರಿಸಿಬಿಟ್ಟ. ಭಾನುವಾರ ಮಧ್ಯಾಹ್ನ ಇಳಕಲ್ ಸೀರೆ ಉಟ್ಟು ಗಿರಾಕಿಗಳಿಗೆ ಮನೆಯ ಇತಿಹಾಸ ಹೇಳುವುದು ಅವಳ ಹೊಸ ಕೆಲಸ.

ಮೊದಲ ಭಾನುವಾರ ಅವಳು ತನಗೆ ಬರುವ ಹಿಂದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸೀರೆ, ಸೋರಿಕೆ, ಸೆಕೆ. ಗಿರಾಕಿಗಳು ಫೋನು ನೋಡಿಕೊಂಡರು.

“ಇದೆಲ್ಲ ಬೇಡ ಮಾರಾಯ್ರೆ,” ಎಂದ ಸಂದೀಪ. “ಸ್ವಲ್ಪ ಪ್ರೀತಿ ಗೀತಿ ಹಾಕಿ ಹೇಳಿ.”

“ಪ್ರೀತಿ ನಾ ಎಲ್ಲಿಂದ ತರ್ಲೆಪ್ಪಾ? ಆ ಮನುಷ್ಯಾ ಹೆಂಡ್ತಿ ಜೋಡಿ ನೆಟ್ಟಗ ಮಾತಾಡಿದ್ದ ನಾ ನೋಡಿಲ್ಲ.”

ಆದರೂ ಮುಂದಿನ ವಾರ ತಂದಳು. ಹೆಂಡತಿ ಸದಾ ಕಣ್ಣೆದುರಿಗೇ ಇರಲೆಂದು ಸೇಠ್ ಗೋಡೆ ಬೇಡ ಎಂದನಂತೆ. ಸಂಜೆ ಮಲ್ಲಿಗೆ ತಂದು ಈ ಕಂಬದ ಹತ್ತಿರ ನಿಂತು ಮುಡಿಸುತ್ತಿದ್ದನಂತೆ. ಜನ ಬಿಯರ್ ಗ್ಲಾಸು ಹಿಡಿದುಕೊಂಡೇ ಕಣ್ಣೊರೆಸಿಕೊಂಡರು. ಇದೇ ಹಾಲಿನಲ್ಲಿ ಅಷ್ಟು ವರ್ಷ ದುಡಿದರೂ ಅವಳ ಮಾತನ್ನು ಯಾರೂ ಕೊನೆಯವರೆಗೆ ಕೇಳಿದವರಿರಲಿಲ್ಲ. ಕಸ್ತೂರಿಬಾಯಿಗೆ ಅದರ ರುಚಿ ಹತ್ತಿತು.

ಒಂದು ಭಾನುವಾರ ಕಥೆ ಮಲ್ಲಿಗೆಯ ಹತ್ತಿರ ಬಂದಿತ್ತು. ಅಷ್ಟರಲ್ಲಿ ಮೊಮ್ಮಗ ಅಮಿತನ ತೋಳು ಹಿಡಿದು ಒಳಗೆ ಬಂದು ಕೂತವಳು ಸೇಠಾಣಿ. ಕಸ್ತೂರಿಬಾಯಿಗೆ ಕಂಬದ ಮರೆಗೆ ಹೋಗಿ ನಿಂತುಬಿಡೋಣವೆನ್ನಿಸಿತು.

“ಯಾವ ಹೂವು ಅಂದೆ?” ಸೇಠಾಣಿ ಹಿಂದಿಯಲ್ಲಿ ಕೇಳಿದಳು.

“ಮಲ್ಲಿಗೆ, ಸೇಠಾಣಿ.”

“ಮಲ್ಲಿಗೆ ಅಲ್ಲ, ಸಂಪಿಗೆ. ಅವರು ತರುತ್ತಿದ್ದದ್ದು ಸಂಪಿಗೆ. ಸರಿಯಾಗಿ ಹೇಳು.”

ಗಂಡ ಒಂದು ಎಸಳನ್ನೂ ತಂದವನಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮುದುಕಿಯ ಮುಖದಲ್ಲಿ ನಗುವಿದೆಯೇ ಎಂದು ಕಸ್ತೂರಿಬಾಯಿ ಹುಡುಕಿದಳು. ಇರಲಿಲ್ಲ. “ಹೌದು, ಸಂಪಿಗೆ. ನಾನೇ ಮರೆತಿದ್ದೆ,” ಎಂದಳು. ಅಜ್ಜ ಇಂಥವನೆಂದು ತನಗೆ ಯಾರೂ ಹೇಳಿರಲಿಲ್ಲವೆಂದು ಅಮಿತ ಮೂಗೊರೆಸಿಕೊಂಡ. ಸಂದೀಪ ಮಾತ್ರ ಸಂಪಿಗೆಯ ಹೆಸರಿನಲ್ಲಿ ಒಂದು ಕಾಕ್‌ಟೇಲ್ ಮಾಡಲು ಆಗಲೇ ಬಾರಿನವನಿಗೆ ಹೇಳುತ್ತಿದ್ದ.

ಹೊರಡುವ ಮೊದಲು ಸೇಠಾಣಿಯನ್ನು ಬಚ್ಚಲಿಗೆ ಕರೆದೊಯ್ದದ್ದು ಕಸ್ತೂರಿಬಾಯಿಯೇ. ತಪ್ಪಾಯಿತೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಬಾಗಿಲು ಮುಂದೆ ಮಾಡಿ, ಅವಳ ಕೈ ಹಿಡಿದು ಸಣ್ಣಗೆ ಕೇಳಿದಳು: “ಇನ್ನೇನು ತರುತ್ತಿದ್ದರು?”

ಕಸ್ತೂರಿಬಾಯಿ, ಬರುವ ಭಾನುವಾರದೊಳಗೆ ನೆನಪು ಮಾಡಿಕೊಳ್ಳುತ್ತೇನೆ ಎಂದಳು.

ಈಗ ಸೇಠಾಣಿ ತಪ್ಪದೆ ಬರುತ್ತಾಳೆ, ನಿಂಬೆ ಶರಬತ್ತು ಕುಡಿಯುತ್ತಾ ಕೇಳುತ್ತಾಳೆ. ಮೊನ್ನೆಯಿಂದ ಸೇಠ್ ಹಾಡಲೂ ಶುರುಮಾಡಿದ್ದಾನೆ.