ಹುಣಸೂರಿನಲ್ಲಿ ಹಕ್ಕಲು ಇಲ್ಲ

ಇಲ್ಲಿ ಸಂಜೆ ಕೆಲಸ ಮುಗಿಸಿದ ಹೆಂಗಸು ಕಾರ್ಖಾನೆಯ ಬಾಗಿಲಲ್ಲಿ ನಿಂತು, ಮೇಸ್ತ್ರಿಯ ಎದುರು ಸೆರಗು ಕೊಡವಿ ತೋರಿಸಿ ಮನೆಗೆ ಹೋಗಬೇಕು. ಮೈಸೂರಿನವರೆಗೆ ರೈಲು, ಆಮೇಲೆ ಎತ್ತಿನ ಗಾಡಿ ಹಿಡಿದು ಹುಣಸೂರಿಗೆ ಬಂದ ಹೊಸತರಲ್ಲಿ ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ನಮ್ಮ ಚಳ್ಳಕೆರೆ ಕಡೆ ಬೆಳೆ ಕಿತ್ತ ಮೇಲೆ ಹೊಲದಲ್ಲಿ ಉಳಿದ ಹಕ್ಕಲು ಕಡಲೆಕಾಯಿ ಆಯ್ದವರದ್ದು, ಸುಲಿದು ಉಳಿದ ಮುರುಕು ಸುಲಿದವರದ್ದು. ಸೆರಗಿಗೆ ಕಟ್ಟಿಕೊಂಡು ಹೋದರೆ ಯಾವ ಗೌಡನೂ ಕೇಳುತ್ತಿರಲಿಲ್ಲ.

ಊರಿನವರೇ, ಇಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ತಿಮ್ಮಕ್ಕ ಅಲ್ಲಿಗೆ ವಾಪಸು ಬಂದು ನನ್ನ ಬಗ್ಗೆ ಹೇಳಿದ್ದೆಲ್ಲ ನಿಮ್ಮ ಕಿವಿಗೆ ಬಿದ್ದಿರಬೇಕು. ಅವಳು ಹೇಳಿದ್ದು ಸುಳ್ಳಲ್ಲ. ಮೇಷ್ಟರಾಗಿದ್ದ ಅಪ್ಪ ನಾಲ್ಕಕ್ಷರ ಕಲಿಸಿದ್ದರಿಂದ, ಅವಳು ಹೇಳದೆ ಬಿಟ್ಟದ್ದನ್ನು ನಾನೇ ಬರೆಯುತ್ತಿದ್ದೇನೆ.

ನಾನಿರುವುದು ಕಾಫಿ ಬೀಜ ಹಸನು ಮಾಡುವ ಕಾರ್ಖಾನೆಯಲ್ಲಿ. ಕೊಡಗಿನಿಂದ ಬಂದ ಬೀಜವನ್ನು ಮೊರದಲ್ಲಿ ಹರಡಿ ಕರಿ ಬೀಜ, ಒಡಕು ಬೀಜ ಆರಿಸಿ ತೆಗೆಯಬೇಕು. ಅದೂ ಬೇರೆಯಾಗಿ ಮಾರಾಟಕ್ಕೆ ಹೋಗುತ್ತದೆ. ಇಬ್ಬರಿಗೆ ಒಂದು ರಾಶಿ. ಒಬ್ಬಳು ಕೆಡಿಸಿದರೆ ಇಬ್ಬರೂ ಮತ್ತೆ ಆರಿಸಬೇಕು. ನಮ್ಮಲ್ಲಿ ಕಡಲೆಕಾಯಿ ಸುಲಿಯುತ್ತಾ ಊರಿನ ಸುದ್ದಿಯನ್ನೆಲ್ಲ ಆಡುತ್ತಿದ್ದೆವು. ಇಲ್ಲಿ ತುಟಿ ಬಿಚ್ಚಿದರೆ ಮೇಸ್ತ್ರಿ ಕೆಮ್ಮುತ್ತಾನೆ. ಗಂಡ ಸತ್ತು ಬಂದವಳು ನಾನು. ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೆಲಸ ಕಲಿತೆ. ಇಲ್ಲಿಯವರ ಮಾತನ್ನೂ ಕಲಿತೆ.

ಆಗ ಬಂದಳು ತಿಮ್ಮಕ್ಕ. "ನಿಮ್ಮೂರೋಳಂತೆ, ನೀನೇ ಕಲ್ಸು" ಎಂದು ಮೇಸ್ತ್ರಿ ಅವಳನ್ನು ನನಗೆ ಗಂಟು ಹಾಕಿದ. ಅವಳಿಗೆ ಕರಿ ಬೀಜವೂ ಒಂದೇ, ಒಳ್ಳೆ ಬೀಜವೂ ಒಂದೇ. ಕೈಗಿಂತ ಬಾಯಿ ಮುಂದೆ. ಅತ್ತೆ ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದನ್ನು ಸಾಲಿನವರಿಗೆಲ್ಲ ಕೇಳುವಂತೆ ಹೇಳಿದಳು. "ಯಕ್ಕಾ, ನೀನ್ಯಾಕೆ ಇವರಂಗೆ ಮಾತಾಡ್ತೀಯ?" ಎಂದು ನಕ್ಕಳು. ನಮ್ಮ ರಾಶಿ ದಿನಾ ತಿರುಗಿ ಬರತೊಡಗಿತು.

"ನಿಮ್ ಕಡೆಯೋರ್ಗೆ ಕಣ್ಣೇ ಇಲ್ವೇನಮ್ಮಿ?" ಎಂದ ಮೇಸ್ತ್ರಿ, ನನ್ನನ್ನೂ ಸೇರಿಸಿ.

ಅವಳ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳು ತೊಲಗಿದರೆ ಸಾಕಾಗಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ, ಆರಿಸಿ ತೆಗೆದ ಕರಿ ಬೀಜವನ್ನು ಒಂದು ಹಿಡಿ ಸೆರಗಿಗೆ ಕಟ್ಟಿಕೊಂಡಳು. ನಾನು ನೋಡಿದೆ. ನೋಡಿಯೂ ತಲೆ ತಗ್ಗಿಸಿ ಬೀಜ ಆರಿಸುತ್ತ ಕೂತೆ.

ಸಂಜೆ ಬಾಗಿಲಲ್ಲಿ ಅವಳು ಏನನ್ನೂ ಮುಚ್ಚಿಡದೆ ಗಂಟು ಬಿಚ್ಚಿ ತೋರಿಸಿದಳು.

"ಏನಮ್ಮಿ ಇದು, ಕಳ್ತನ?"

"ಕಳುವಲ್ಲಣ್ಣ, ಹಕ್ಕಲು. ಬೇಕಾರೆ ಯಕ್ಕನ್ನ ಕೇಳು."

ಮೇಸ್ತ್ರಿ ನನ್ನ ಕಡೆ ತಿರುಗಿದ. "ನಿಮ್ ಕಡೆ ಇಂಗೆಲ್ಲ ಐತಾ?"

"ಇಲ್ಲ ಕಣಣ್ಣ," ಎಂದೆ.

ತಿಮ್ಮಕ್ಕ ಬೀಜವನ್ನು ಅವನ ಎದುರೇ ಸುರಿದಳು. ಸೆರಗು ಹೊದ್ದು ಹೊರಟುಹೋದಳು. ಮರುದಿನ ಅವಳನ್ನು ಒಳಗೆ ಬಿಡಲಿಲ್ಲ.

ಪಕ್ಕದ ರಾಶಿಯ ಪುಟ್ಟಮ್ಮ ಹುಣಸೂರಿನವಳೇ. ಕೆಲಸಕ್ಕೆ ಸೇರಿದ ವಾರದಲ್ಲಿ ನಾನೂ ಹೀಗೇ ಕರಿ ಬೀಜ ಸೆರಗಿಗೆ ಕಟ್ಟಿಕೊಂಡಿದ್ದೆ. ಯಾರಿಗೂ ಕಾಣದಂತೆ ನನ್ನ ಗಂಟು ಬಿಚ್ಚಿ, ಬೀಜವನ್ನು ವಾಪಸು ಸುರಿದವಳು ಅವಳು.

"ಅವತ್ತು ನಿನ್ ಗಂಟು ಬಿಚ್ಚಿದ್ದೇ ತಪ್ಪಾಯ್ತು ಕಣಮ್ಮಿ," ಎಂದಳು. ಮತ್ತೆ ನನ್ನೊಡನೆ ಮಾತಾಡಿಲ್ಲ.

ಊರಿಗೆ ಬಂದರೆ ತಿಮ್ಮಕ್ಕನಿಗೆ ಮುಖ ತೋರಿಸಬೇಕು. ಇಲ್ಲಿದ್ದರೆ ದಿನಾ ಪುಟ್ಟಮ್ಮನಿಗೆ. ಮೇಸ್ತ್ರಿ ಮಾತ್ರ ಈಗ ನನ್ನನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ.

"ನೀ ನಮ್ಮೋಳು, ನಡಿ" ಅನ್ನುತ್ತಾನೆ.

ಆದರೂ ನಾನು ನಿಂತು, ಸೆರಗು ಕೊಡವಿಯೇ ಹೋಗುತ್ತೇನೆ.