ಭಾವನ ಆಹಾ

ನನ್ನ ಭಾವನ ದನಿಗೆ ಎರಡು ಸಲ ಕತ್ತರಿ ಬಿತ್ತು. ಮೊದಲ ಸಲ ಹಾಕಿದವರು ಡಾಕ್ಟರು. ಗಂಟಲಲ್ಲಿ ಗಡ್ಡೆ ಬೆಳೆದಿತ್ತು, ಜೀವ ಉಳಿಸುವುದಕ್ಕೆ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಎರಡನೇ ಸಲ ಹಾಕಿದವಳು ನಾನು. ನನಗೆ ಅಂಥ ಯಾವ ಕಾರಣವೂ ಇರಲಿಲ್ಲ, ನನ್ನ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂಬ ಕೊಬ್ಬು ಬಿಟ್ಟರೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸ ಮಾಡಿದವರು. ಒಳಗೆ ಜಡ್ಜು ಕಡತ ಬಿಚ್ಚಿದರೆ ಇವರು ಬಾಗಿಲಿಗೆ ಬಂದು ಕಕ್ಷಿಗಾರನ ಹೆಸರನ್ನು ಮೂರು ಸಲ ಕೂಗಬೇಕು. ಮೂರನೇ ಕೂಗಿಗೂ ಆಸಾಮಿ ಬಾರದಿದ್ದರೆ ಅವನ ಕೇಸು ಬಿದ್ದಂತೆಯೇ. ಭಾವ ಕೂಗಿದರೆ ಎರಡನೇ ಮಹಡಿಯಿಂದ ಗೇಟಿನಾಚೆಯ ಚಹಾದಂಗಡಿಯವರೆಗೂ ಕೇಳಿಸುತ್ತಿತ್ತು. ಆದರೂ ಒಮ್ಮೊಮ್ಮೆ ಯಾರೂ ಬರುತ್ತಿರಲಿಲ್ಲ. ಆಗ ಇವರು ಮೆಟ್ಟಿಲ ಕಡೆ ಇಣುಕಿ, ಕೆಮ್ಮಿ, ಕನ್ನಡಕ ಒರೆಸಿ, ಹೊತ್ತು ಕಳೆದು, ನಾಲ್ಕನೆಯದನ್ನೂ ಕೂಗಿಬಿಡುತ್ತಿದ್ದರು. 'ಮೂರೇ ಸಲ ಕಣ್ರೀ' ಎಂದು ಜಡ್ಜು ಗದರಿದರೆ, 'ಒಂದು ಕೆಮ್ಮಲ್ಲಿ ಹೋಯ್ತು ಸ್ವಾಮಿ' ಅನ್ನುತ್ತಿದ್ದರಂತೆ.

ಅಷ್ಟು ದೊಡ್ಡ ದನಿಯಲ್ಲಿ ಸಂಗೀತ ಮಾತ್ರ ಸಾಸಿವೆಯಷ್ಟೂ ಇರಲಿಲ್ಲ. ಹಾಡಲು ಬಾಯಿ ತೆರೆದರೆ ಸಾಕು, ಅಕ್ಕ ಅಡುಗೆಮನೆಯಿಂದಲೇ 'ಕೇಸು ವಜಾ' ಅನ್ನುವಳು. ಆದರೆ ಕೇಳುವುದರಲ್ಲಿ ಅವರನ್ನು ಮೀರಿಸುವವರು ನಾನು ಕಂಡಂತೆ ಯಾರೂ ಇಲ್ಲ. ರಜೆಯ ದಿನ ಊರಿನ ಯಾವ ಸಭಾಂಗಣದಲ್ಲಿ ಯಾರು ನುಡಿಸಿದರೂ ಎರಡನೇ ಸಾಲಿನ ಅಂಚಿನ ಕುರ್ಚಿ ಅವರದ್ದು. ತೊಡೆಯ ಮೇಲೆ ಇಟ್ಟಿಗೆಯಷ್ಟು ದಪ್ಪದ ಟೇಪ್ ರೆಕಾರ್ಡರ್. ಕಳ್ಳತನವಲ್ಲ, ಮೊದಲೇ ವೇದಿಕೆಯ ಹಿಂದೆ ಹೋಗಿ ಕೈಮುಗಿದು ಒಪ್ಪಿಗೆ ಪಡೆದೇ ಕೂರುತ್ತಿದ್ದರು.

ಹೀಗೆ ಕೂಡಿಬಿದ್ದದ್ದು ಇನ್ನೂರಕ್ಕೂ ಮೇಲ್ಪಟ್ಟು ಕ್ಯಾಸೆಟ್ಟು. ಎಲ್ಲ ಚಪ್ಪಲಿ ಡಬ್ಬಗಳಲ್ಲಿ, ಮಂಚದ ಕೆಳಗೆ. ಪಿಟೀಲು, ಕೊಳಲು, ವೀಣೆ, ಸಿತಾರ್, ಒಂದೇ ರಾಗವನ್ನು ಎರಡು ಗಂಟೆ ಜಗ್ಗಿದ ಒಬ್ಬ ಮುದುಕರ ಹಾಡುಗಾರಿಕೆ, ಬರೀ ಮೃದಂಗ, ಪರದೇಶದಿಂದ ಬಂದಿದ್ದ ಒಬ್ಬಾಕೆಯ ಪಿಯಾನೋ. ಇದು ಈ ಪದ್ಧತಿ, ಅದು ಆ ಪದ್ಧತಿ ಎಂಬ ಭೇದವೇ ಇರಲಿಲ್ಲ. ಡಬ್ಬದ ಬೆನ್ನಿನ ಮೇಲೆ ರಾಗ, ತಾಳ, ತಾರೀಖು ಬರೆಯುವ ಅಭ್ಯಾಸವೂ ಇಲ್ಲ. ಅವರು ಬರೆಯುತ್ತಿದ್ದದ್ದು ಹೀಗೆ: 'ಪಿಟೀಲು. ಕರೆಂಟು ಹೋಗಿ ಬಂತು. ಆ ೭.' 'ಕೊಳಲು. ಪಕ್ಕದವರ ಮಗು ಅತ್ತಿತು. ಆ ೩.' 'ಪಿಯಾನೋ. ಅರ್ಥ ಆಗಲಿಲ್ಲ, ಚೆನ್ನಾಗಿತ್ತು. ಆ ೨.'

ಆ ಎಂದರೆ ಆಲಾಪನೆ ಎಂದು ನಾನು ತಿಳಿದಿದ್ದೆ. ಪಿಯಾನೋದಲ್ಲಿ ಎಲ್ಲಿಯ ಆಲಾಪನೆ ಬಂತು? ಅಷ್ಟೂ ಹೊಳೆಯಲಿಲ್ಲ ಈ ಮಂಡೆಗೆ.

ನಾನಿದ್ದದ್ದು ಒಂದು ಸ್ಟುಡಿಯೋದಲ್ಲಿ. ಭಾಷಣ, ಪಾಠ, ಜಾಹೀರಾತು ಏನೇ ಬರಲಿ, ಅದರಲ್ಲಿನ ಬೇಡದ ಸದ್ದು ತೆಗೆಯುವುದು ನನ್ನ ಕೆಲಸ. ಕುರ್ಚಿಯ ಕಿರುಗುಟ್ಟು, ಫ್ಯಾನಿನ ಗುಂಯ್, ಮಾತಿನ ಮಧ್ಯೆ ಎಂಜಲು ನುಂಗುವ ಸದ್ದು, ಯಾವುದೂ ನನ್ನ ಕೈಯಿಂದ ಉಳಿದು ಹೋಗುತ್ತಿರಲಿಲ್ಲ. ಭಾವ ನನ್ನನ್ನು ಕಂಡಾಗಲೆಲ್ಲ 'ನಾದ ಒರೆಸೋ ನಾದಿನಿ ಬಂದ್ಲು' ಎಂದು ಛೇಡಿಸುತ್ತಿದ್ದರು. ನನಗೋ ಕೋಪ ಮೂಗಿನ ತುದಿಯಲ್ಲಿ. 'ನಿಮ್ಮ ಹಾಗೆ ಕೂಗೋಕೆ ಸಂಬಳ ತಗೊಳಲ್ಲ ನಾನು' ಎಂದು ತಿರುಗಿಸಿ ಕೊಡುತ್ತಿದ್ದೆ.

ಗಡ್ಡೆ ಬಂದದ್ದು ನಿವೃತ್ತಿಯ ಮರುವರ್ಷ. ಫೋನಿನಲ್ಲಿ ಮನೆಮಂದಿಯ ಮಾತೆಲ್ಲ ಹಿಡಿದಿಡುವ ಕಾಲ ಇನ್ನೂ ಬಂದಿರಲಿಲ್ಲ. ಆಪರೇಷನ್ ಆದ ಮೇಲೆ ಭಾವ ಕತ್ತಿನ ತೂತಿನ ಮೇಲೆ ತೆಳು ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಸ್ಲೇಟು ಬಳಪ ಹಿಡಿದು ಮನೆಗೆ ಬಂದರು. ಹುಷಾರಾದರು, ನಡೆದಾಡಿದರು, ಊಟ ಮಾಡಿದರು. ನಕ್ಕರೆ ಮಾತ್ರ ಭುಜವಷ್ಟೇ ಕುಲುಕುತ್ತಿತ್ತು. ಅಕ್ಕ ಒಳಗೆ ಕೆಲಸ ಮಾಡುತ್ತಾ ಅಭ್ಯಾಸಬಲದಿಂದ ಏನಾದರೂ ಕೇಳುವಳು, ಉತ್ತರ ಬಾರದಾಗ ಕೈ ಒರೆಸಿಕೊಂಡು ಹೊರಗೆ ಬಂದು ಸ್ಲೇಟು ಓದುವಳು.

ಎಂಟು ತಿಂಗಳಾದ ಮೇಲೆ ಒಂದು ದಿನ ಅಕ್ಕ ನನ್ನನ್ನು ಕೇಳಿದಳು. "ಇವರ ಕ್ಯಾಸೆಟ್ಟೆಲ್ಲ ಸೀಡಿಗೆ ಹಾಕಿ ಕೊಡ್ತೀಯೇನೇ? ಟೇಪ್ ರೆಕಾರ್ಡರು ಕೆಟ್ಟು ಕೂತಿದೆ, ರಿಪೇರಿಯೋರು ಕೈ ಎತ್ತಿಬಿಟ್ರು."

"ಅದೇನು ಮಹಾ! ಹೊಸದರ ಹಾಗೆ ಮಾಡಿ ಕೊಡ್ತೀನಿ ನೋಡು," ಅಂದೆ.

ಯಾಕೆ ಬೇಕು ಎಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

ಮೊದಲು ಹಾಕಿದ್ದು ಕರೆಂಟು ಹೋಗಿ ಬಂದ ಪಿಟೀಲು. ಪಿಟೀಲು ಮೆಲ್ಲಗೆ ಮೇಲೆ ಹತ್ತಿತು, ಹತ್ತಿ ಒಂದು ಕಡೆ ನಿಂತಿತು, ನಿಂತ ಜಾಗದಲ್ಲೇ "ಆಹಾ!" ಅಂದಿತು ಕೋರ್ಟಿನ ದನಿ. ಮೈಕಿಗೆ ಅಷ್ಟು ಹತ್ತಿರ ಕೂತು ಅಂದದ್ದು. ಸದ್ದಳೆಯುವ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಬಡಿಯಿತು. ಪಿಟೀಲಿನವರನ್ನು ತಳ್ಳಿ ಇವರೇ ವೇದಿಕೆ ಹತ್ತಿದ ಹಾಗಿತ್ತು.

ಕತ್ತರಿಸಿದೆ. ಆ ಕಡೆಯ ಸ್ವರ, ಈ ಕಡೆಯ ಸ್ವರ ಜೋಡಿಸಿ ಗಾಯ ಕಾಣದ ಹಾಗೆ ಹೊಲಿದೆ.

ದನಿ ಹೋದ ಮನುಷ್ಯನ ದನಿ ಕಿವಿಗೆ ಬಿದ್ದಾಗ ನಿನಗೇನೂ ಅನ್ನಿಸಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಅನ್ನಿಸಿತು. ಇದನ್ನು ಕೇಳಿದರೆ ಭಾವನಿಗೆ ಸಂಕಟವಾದೀತು, ಇಲ್ಲದಿರುವುದೇ ಮೇಲು ಅಂದುಕೊಂಡೆ. ಆಮೇಲೆ ಎಲ್ಲರ ಮುಂದೆಯೂ ಇದೇ ಕಾರಣ ಹೇಳಿದ್ದೇನೆ. ಅದು ಅರ್ಧ ಸತ್ಯ. ಹತ್ತನೇ ಕ್ಯಾಸೆಟ್ಟಿನ ಹೊತ್ತಿಗೆ ಅದು ನನಗೆ ಭಾವನ ದನಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಪರದೆಯ ಮೇಲೆ ಉಬ್ಬುವ ಒಂದು ಗುಬುಟು, ಅಷ್ಟೇ. ಗುಬುಟು ಕಂಡರೆ ಕೈ ತಾನಾಗಿ ಹೋಗುತ್ತಿತ್ತು. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ. ನನಗೆ ಕೆಲಸವೂ ಇತ್ತು, ಆದರೂ ಕೆತ್ತಿದೆ. ನಾಲ್ಕು ತಿಂಗಳು, ರಜೆಯ ದಿನಗಳನ್ನೆಲ್ಲ ಸುರಿದು, ಒಂದೊಂದೇ ಆಹಾ ಹುಡುಕಿ ಹುಡುಕಿ ತೆಗೆದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆ, ತೆಗೆದ ಚೂರುಗಳನ್ನೂ ಅಸಲಿ ಪ್ರತಿಯನ್ನೂ ಅಂದಂದೇ ಅಳಿಸಿಬಿಡುತ್ತಿದ್ದೆ.

ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು. "ಇವನ್ನ ಏನು ಮಾಡಲಿ ಅಕ್ಕ?" ಎಂದು ಕೇಳಿದೆ.

"ಅದರಲ್ಲಿರೋದೆಲ್ಲ ಸೀಡಿಗೆ ಬಂದಿದೆ ತಾನೆ?"

"ಒಂದೂ ಬಿಡದೆ," ಅಂದೆ. ಮೂರು ಚೀಲ ತುಂಬಿ ಕಸದ ಗಾಡಿಗೆ ನನ್ನ ಕೈಯಾರೆ ಎತ್ತಿ ಹಾಕಿದೆ.

ಸೀಡಿಗಳನ್ನು ಒಪ್ಪಿಸಿದ್ದು ಒಂದು ಭಾನುವಾರ ಬೆಳಗ್ಗೆ. ಪ್ರತಿಯೊಂದರ ಮೇಲೂ ಅಚ್ಚುಕಟ್ಟಾಗಿ ಹೆಸರು ಅಂಟಿಸಿದ್ದೆ: 'ಪಿಟೀಲು, ಆಲಾಪನೆ ೭.' ಭಾವ ಬೆತ್ತದ ಕುರ್ಚಿಯಲ್ಲಿ ಕೂತರು. ಅಕ್ಕ ಎಂದೂ ಸಂಗೀತಕ್ಕೆಂದು ಕೂತವಳಲ್ಲ, ಅವತ್ತು ಒಲೆ ಆರಿಸಿ ಬಂದು ಮಂಚದ ತುದಿಯಲ್ಲಿ ಕೂತಳು. ಪಿಟೀಲು ಶುರುವಾಯಿತು. ಕನ್ನಡಿ ಒರೆಸಿದ ಹಾಗೆ ಶುಚಿಯಾಗಿತ್ತು. ಭಾವನ ಬೆರಳು ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿತ್ತು. ನಾನು ಹೊಗಳಿಕೆಗೆ ಕಾದಿದ್ದೆ. ಅಕ್ಕ ಮುಂದಕ್ಕೆ ಬಾಗಿ ಇನ್ನೇನಕ್ಕೋ ಕಾಯುತ್ತಿದ್ದಳು.

"ಇನ್ನೂ ಬರಲಿಲ್ವಲ್ಲೇ?" ಅಂದಳು.

"ಏನಕ್ಕ?"

"ಇವರು ಆಹಾ ಅನ್ನೋದು. ಇದರಲ್ಲಿ ಏಳು ಸಲ ಇರಬೇಕು. ಬರೆದಿದ್ರಲ್ಲ, ಆ ಏಳು ಅಂತ."

ನಾನೇ ಅಂಟಿಸಿದ್ದ 'ಆಲಾಪನೆ ೭' ಎಂಬ ಹೆಸರನ್ನು ಮತ್ತೊಮ್ಮೆ ನೋಡಿದೆ.

"ನಂಗೇನು ರಾಗ ಗೊತ್ತಾ, ತಾಳ ಗೊತ್ತಾ? ಇವರು ಆಹಾ ಅಂದ್ರೆ ಓಹೋ ಚೆನ್ನಾಗಿದೆ ಅಂತ ತಿಳ್ಕೊಳ್ಳೋದು, ಅಷ್ಟೇ ನನ್ನ ಸಂಗೀತ," ಎಂದು ನಕ್ಕಳು ಅಕ್ಕ. "ಇವರ ದನಿ ಇನ್ನೆಲ್ಲಿದೆ ಹೇಳು. ಅದಕ್ಕೇ ನಿಂಗೆ ಹೇಳಿದ್ದು."

"ನಾನು ಅದನ್ನ ತೆಗೆದೆ ಅಕ್ಕ."

"ತೆಗೆದು ಎಲ್ಲಿಟ್ಟಿದೀಯ?"

ಅವಳು ತಮಾಷೆಗೆ ಕೇಳಲಿಲ್ಲ. ಬೇಳೆಯಿಂದ ಕಲ್ಲು ತೆಗೆದರೂ ಆ ಕಲ್ಲು ತಟ್ಟೆಯ ಅಂಚಿನಲ್ಲಿ ಇರುತ್ತದಲ್ಲ. ತೆಗೆದದ್ದು ಎಲ್ಲೋ ಒಂದು ಕಡೆ ಇರಲೇಬೇಕು ಎಂದು ಅವಳ ಲೆಕ್ಕ.

"ಎಲ್ಲೂ ಇಟ್ಟಿಲ್ಲ," ಅಂದೆ.

ಭಾವ ಗಡಿಬಿಡಿಯಿಂದ ಸ್ಲೇಟಿನಲ್ಲಿ ಬರೆದು ನನ್ನತ್ತ ಹಿಡಿದರು: 'ಬಹಳ ಚೆನ್ನಾಗಿದೆ. ಗಲಾಟೆ ಇಲ್ಲ.' ನನ್ನನ್ನು ಉಳಿಸಲು ಬರೆದದ್ದು ಎಂದು ಗೊತ್ತಾಗದಿರಲು ನಾನು ಮಗುವೇ? ಅಕ್ಕ ಅದನ್ನು ಓದಿ, ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು. ಕೆನ್ನೆಗೆ ನಾಲ್ಕು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಬೈಸಿಕೊಳ್ಳುವ ಯೋಗ್ಯತೆಯನ್ನೂ ಕಳೆದುಕೊಂಡವಳ ಹಾಗೆ ನಡುಮನೆಯಲ್ಲಿ ನಿಂತಿದ್ದೆ. ಪಿಟೀಲು ತನ್ನ ಪಾಡಿಗೆ ನುಡಿಯುತ್ತಲೇ ಇತ್ತು.

ಆಮೇಲಿನ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಅಳಿಸಿದ್ದು ವಾಪಸ್ ಬರುತ್ತದೆಯೇ ಎಂದು ಬಲ್ಲವರನ್ನೆಲ್ಲ ಕೇಳಿದೆ. ಒಬ್ಬ, 'ಅಳಿಸಿದ ಮೇಲೆ ಅದರ ಮೇಲೇ ಇಷ್ಟೊಂದು ಬರೆದಿದೀರಲ್ಲ ಮೇಡಂ, ಇನ್ನೆಲ್ಲಿ ಬರತ್ತೆ' ಅಂದ. ಊರಾಚೆ ಕಸ ಸುರಿಯುವ ಕಡೆಗೂ ಹೋದೆ. ಗುಡ್ಡದಷ್ಟಿತ್ತು. ಕಾವಲಿನವನು "ಏನು ಕಳ್ಕೊಂಡ್ರಿ, ಒಡವೇನಾ?" ಎಂದು ಕೇಳಿದ. ಏನು ಹೇಳುವುದು? ನಮ್ಮ ಭಾವನ ಆಹಾ ಅನ್ನಲೇ? ಮೂಗು ಮುಚ್ಚಿಕೊಂಡು ಅತ್ತು ಬಂದೆ.

ಅಕ್ಕನ ಮನೆಗೆ ಹೋಗಲು ಮುಖವಿರಲಿಲ್ಲ, ಹೋಗದಿರಲೂ ಆಗುತ್ತಿರಲಿಲ್ಲ. ಬಾಗಿಲಲ್ಲೇ ಕೂತು ಎದ್ದು ಬರುತ್ತಿದ್ದೆ. ಹಾಗೆ ಕೂತಿದ್ದಾಗ ಒಂದು ದಿನ ಭಾವ ಪಕ್ಕದಲ್ಲಿ ಬಂದು ಕೂತು ಸ್ಲೇಟು ತೋರಿಸಿದರು: 'ಟೈಪಿಸ್ಟ್ ಹತ್ತಿರ ಒಂದು ಇರಬೇಕು. ವೀಣೆ.'

ಟೈಪಿಸ್ಟ್ ಎಂದರೆ ಅದೇ ಕೋರ್ಟಿನಲ್ಲಿ ಬೆರಳಚ್ಚು ಮಾಡುತ್ತಿದ್ದ ಹೆಂಗಸು, ಈಗ ನಿವೃತ್ತರು, ಎರಡು ಬೀದಿ ಆಚೆಗೆ ಮನೆ. ನಾನು ಓಡಿದೆನೋ ನಡೆದೆನೋ ನೆನಪಿಲ್ಲ. ಆಕೆ ಬೀರು ತಡಕಾಡಿ ಕ್ಯಾಸೆಟ್ಟು ತಂದುಕೊಟ್ಟರು. "ಹದಿನೈದು ವರ್ಷ ಆಯ್ತಮ್ಮ, ಇಸ್ಕೊಂಡಿದ್ದು ನಾನೇ ಮರೆತಿದ್ದೆ. ಅಲ್ಲ, ಈ ಅರ್ಧದ ಲೆಕ್ಕ ಏನು ಅಂತ ಅವರನ್ನ ಕೇಳ್ಬೇಕು ಅಂತಿದ್ದೆ."

ಬೆನ್ನಿನ ಮೇಲೆ ಭಾವನ ಅಕ್ಷರ: 'ವೀಣೆ. ಆ ½.'

ಅರ್ಧ ಆಹಾ ಎಂದರೇನು ಎಂದು ನನಗೂ ತಿಳಿಯಲಿಲ್ಲ. ಅರ್ಧವಾದರೂ ಆಯಿತು, ಇದೆಯಲ್ಲ ಎಂದು ಕಣ್ಣಿಗೊತ್ತಿಕೊಂಡೆ. ಒಬ್ಬಳೇ ಕೇಳುವ ಧೈರ್ಯ ಬರಲಿಲ್ಲ, ನನ್ನ ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಮರುದಿನ ಬೆಳಗ್ಗೆಯೇ ಸ್ಟುಡಿಯೋದ ಟೇಪ್ ರೆಕಾರ್ಡರನ್ನು ಆಟೋದಲ್ಲಿ ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ಮೂವರೂ ಅದರ ಸುತ್ತ ಕೂತೆವು.

ವೀಣೆ ಶ್ರುತಿ ಸೇರಿಸಿಕೊಂಡಿತು. ರಾಗ ಬಿಚ್ಚಿತು. ಹತ್ತು ನಿಮಿಷ ಕಳೆಯಿತು. ತಂತಿ ಒಂದು ಕಡೆ ಜಗ್ಗಿ ಸ್ವರ ಬಾಗಿ ಬಂದು ನಿಂತಿತು, ಆಗ ಬಂತು, ಎದೆತುಂಬಿದ ದನಿಯಲ್ಲಿ:

"ಆ..."

ಅದರ ಮೇಲೇ ಒಂದು ಹುಡುಗಿಯ ಚೂಪು ದನಿ: "ಶ್ಶ್! ಸ್ವಲ್ಪ ಬಾಯಿ ಮುಚ್ಕೊಂಡಿರಿ ಭಾವ, ಎಲ್ಲಾ ಹಾಳಾಗತ್ತೆ!"

ಮತ್ತೆ ವೀಣೆ.

ಅಕ್ಕ ನನ್ನ ಮುಖ ನೋಡಿದಳು. "ಅಯ್ಯೋ, ಇದು ನೀನು ಕಣೇ!"

ನಾನೇ. ಹತ್ತೊಂಬತ್ತು ವರ್ಷದವಳು. ಒಂದೇ ಒಂದು ಸಲ ಭಾವ ನನ್ನನ್ನೂ ಸಂಗೀತ ಕಚೇರಿಗೆ ಕರೆದುಕೊಂಡು ಹೋಗಿದ್ದರು, ನನ್ನ ಕೈಯಲ್ಲೇ ರೆಕಾರ್ಡರಿನ ಗುಂಡಿ ಒತ್ತಿಸಿದ್ದರು. ಆ ಸಂಭ್ರಮ ನೆನಪಿತ್ತು. ಈ ಮಾತು ಆಡಿದ್ದು ನೆನಪೇ ಇರಲಿಲ್ಲ. ಭಾವನ ಭುಜ ಕುಲುಕುತ್ತಿತ್ತು, ನಗುತ್ತಿದ್ದರು. ಅವರಿಗೆ ಅದು ಅಂದಿಗೂ ತಮಾಷೆಯೇ, ಇಂದಿಗೂ ತಮಾಷೆಯೇ.

ಇನ್ನೊಂದು ಬರಬಹುದೆಂದು ಆ ಬದಿ ಮುಗಿಯುವ ತನಕ ಕೂತೆವು. ತಿರುಗಿಸಿ ಹಾಕಿ ಈ ಬದಿಯೂ ಕೇಳಿದೆವು. ವೀಣೆಯವರು ಒಂದಕ್ಕಿಂತ ಒಂದು ಮಿಗಿಲಾಗಿ ನುಡಿಸಿದ್ದರು. ಭಾವ ಎಲ್ಲಿಯೂ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಚಪ್ಪಾಳೆ ಬಂತು, ಟೇಪು ಮುಗಿಯಿತು. ನಾನು ಸುಮ್ಮನಿರಿ ಅಂದದ್ದಕ್ಕೆ ಆ ಮನುಷ್ಯ ಒಂದೂವರೆ ಗಂಟೆ ತುಟಿ ಬಿಗಿದು ಕೂತಿದ್ದರು.

ನನಗೆ ತಡೆಯಲಾಗಲಿಲ್ಲ. "ಅಕ್ಕ, ನನ್ನ ದನಿ ತೆಗೆದುಬಿಡ್ತೀನಿ. ಬರೀ ಭಾವನದ್ದಷ್ಟೇ ಇರೋ ಹಾಗೆ, ಗೊತ್ತೇ ಆಗಲ್ಲ, ಐದು ನಿಮಿಷದ ಕೆಲಸ..."

ಅಕ್ಕ ಮೆಷಿನ್ನಿನ ಮೇಲೆ ಕೈ ಇಟ್ಟಳು. "ಬೇಡ ಕಣೇ. ಇನ್ನೇನನ್ನೂ ತೆಗೀಬೇಡ." ಆಮೇಲೆ ಮೆಲ್ಲಗೆ, "ಅದನ್ನೇ ಇನ್ನೊಂದು ಸಲ ಹಾಕು," ಅಂದಳು.

ಹಿಂದಕ್ಕೆ ತಿರುಗಿಸಿ ಹಾಕಿದೆ. ಭಾವ ಆ ಎಂದರು, ನಾನು ಗದರಿದೆ.

"ಇನ್ನೊಂದು ಸಲ," ಅಂದಳು ಅಕ್ಕ.

ಆ ಬೆಳಗ್ಗೆ ಅವಳ ಎದುರಿಗೆ ನಾನು ಒಂಬತ್ತು ಸಲ ಭಾವನ ಬಾಯಿ ಮುಚ್ಚಿಸಿದೆ.